ಶೀಟು ಮುರಿಯುವವನು

"ಸಾಕೇನ್ರೀ, ಇನ್ನೂ ಬಿಗಿ ಬೇಕಾ?" ಎಂದು ಕೇಳುತ್ತಾ ಅವಳು ಕಾದ ಮೊಳೆಯನ್ನು ಬೆಲ್ಟಿನಿಂದ ಹೊರಗೆಳೆದಳು. ಸುಟ್ಟ ಚರ್ಮದ ವಾಸನೆ ಅಡುಗೆಮನೆಯ ತುಂಬ ಹರಡಿತು. ಆ ಬೆಲ್ಟಿಗೆ ಕಂಪನಿಯವರು ಹಾಕಿದ್ದ ತೂತುಗಳಿಗಿಂತ ಅವಳು ಹಾಕಿದ ತೂತುಗಳೇ ಈಗ ಹೆಚ್ಚಾಗಿದ್ದವು.

ಗಂಡ ಬೆಲ್ಟು ಕಟ್ಟಿಕೊಂಡು ಹೊಟ್ಟೆಯ ಮೇಲೆ ತಟ್ಟಿಕೊಂಡ. "ಬೊಜ್ಜು ಕರಗ್ತಿದೆ ಕಣೇ. ಜನ ಇದಕ್ಕೇ ಅಂತ ಬೆಳಿಗ್ಗೆ ಎದ್ದು ಓಡ್ತಾರೆ. ನನಗೆ ಕೂತಲ್ಲೇ ಕರಗ್ತಿದೆ. ಅದಕ್ಕೂ ನಿನಗೆ ಹೊಟ್ಟೆಕಿಚ್ಚು."

"ತಿಂದಿದ್ದು ಮೈಗೆ ಹತ್ತದೆ ಇದ್ರೆ ಅದನ್ನ ಬೊಜ್ಜು ಕರಗೋದು ಅನ್ನಲ್ಲ. ಆಡಿದ ಮಾತು ನೆನಪಿದೆ ತಾನೆ?"

"ಇದೆ ಮಾರಾಯ್ತಿ. ಶೀಟು ಒಂದೇ ಏಟಿಗೆ ಮುರೀಲಿಲ್ಲ ಅಂದ್ರೆ ನಾಳೆನೇ ಆಸ್ಪತ್ರೆ. ಮುರೀತೋ, ಇನ್ನು ಆ ಸುದ್ದಿ ಎತ್ತಬಾರದು ನೀನು."

ಆಸ್ಪತ್ರೆ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಭಯ. ಅಪ್ಪ ತನ್ನ ಕಾಲ ಮೇಲೆ ನಡೆದುಕೊಂಡು ಹೋಗಿದ್ದ, ನಾಲ್ಕು ಜನ ಹೊತ್ತು ತಂದರು. ಅಷ್ಟು ಸಾಕಾಗಿತ್ತು. ತಿಂಗಳುಗಟ್ಟಲೆ ಅವಳು ಅತ್ತಳು, ಬೈದಳು, ಊಟ ಬಿಟ್ಟಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಅವನು ಈ ಪಂದ್ಯಕ್ಕೆ ಒಪ್ಪಿದ್ದೇ ದೊಡ್ಡದು.

ಅವನ ಪ್ಯಾಂಟಿನ ಮಡಿಕೆಯಲ್ಲಿ ಬೂದು ಬಣ್ಣದ ಹುಡಿ ಕೂತಿತ್ತು. ಬಗ್ಗಿ ಕೊಡವಲು ಹೋದರೆ ಅವನು ಕಾಲು ಹಿಂದಕ್ಕೆಳೆದುಕೊಂಡ. "ಬಿಡೇ. ಬೆಳಿಗ್ಗೆ ಗೋಡೌನಿಗೆ ಹೋಗಿದ್ದೆ, ಧೂಳು." ಆದರೂ ಅವಳು ಒಂದು ಕಾಲಿನದನ್ನು ಕೊಡವಿಯೇ ಬಿಟ್ಟಳು.

ಅವನ ಕೆಲಸವೇ ಒಂದು ವಿಚಿತ್ರ. ಅವಳ ತಮ್ಮ ಫೈಬರ್‌ಗ್ಲಾಸಿನ ಹಲಗೆಗಳನ್ನು ಮಾರುತ್ತಿದ್ದ. ಗೋಡೆಗೆ, ಸೂರಿಗೆ, ಬಾಗಿಲಿಗೆ ಎಲ್ಲಕ್ಕೂ ಆಗುವ ಮಾಲು. ಆದರೆ ಬಂದವರು ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಇಷ್ಟು ಹಗುರ ಇದೆ, ಇದೇನು ತಡೆಯತ್ತೆ?" ಎಂದು ಕೆಳಗಿಟ್ಟು ಹೋಗುತ್ತಿದ್ದರು. ಆಗ ತಮ್ಮನ ಕಣ್ಣು ಭಾವನ ಮೇಲೆ ಬಿತ್ತು. ಭಾವ ಅಂದರೆ ಭಾವ! ಕೂತ ಕುರ್ಚಿ ನರಳುತ್ತಿತ್ತು. ಅಂಗಡಿಯ ಹಿಂದಿನ ಅಂಗಳದಲ್ಲಿ ಎರಡು ಇಟ್ಟಿಗೆ ಗುಡ್ಡೆಗಳು, ಅವುಗಳ ಮೇಲೆ ಅಡ್ಡಲಾಗಿ ಒಂದು ಸಿಮೆಂಟ್ ಶೀಟು. ಭಾವ ಹತ್ತಿ ಒಂದು ಸಲ ಕುಪ್ಪಳಿಸಿದರೆ ಶೀಟು ಎರಡು ತುಂಡು. ಆಮೇಲೆ ಅದೇ ಜಾಗದಲ್ಲಿ ಫೈಬರ್ ಹಲಗೆ. ಭಾವ ನಿಂತರೆ ಅದು ನಡುವೆ ತೊಟ್ಟಿಲಿನಂತೆ ಜಗ್ಗುತ್ತಿತ್ತು, ಇಳಿದರೆ ಮತ್ತೆ ನೆಟ್ಟಗಾಗುತ್ತಿತ್ತು. ಜನ ಬೆರಗಾಗಿ ಅಲ್ಲೇ ಮಾಲು ಬರೆಸುತ್ತಿದ್ದರು. "ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ" ಎಂದು ತಮ್ಮ, ಭಾವನ ಬೆನ್ನು ತಟ್ಟುತ್ತಿದ್ದ. ಆ ಗಾದೆಗೆ ಅವಳೂ ನಗುತ್ತಿದ್ದಳು, ಒಂದು ಕಾಲದಲ್ಲಿ.

ಹೋದ ವಾರ ಶೀಟು ಮೂರನೆಯ ಕುಪ್ಪಳಿಕೆಗೆ ಮುರಿಯಿತು. ಬಂದಿದ್ದ ಗಿರಾಕಿ, "ಸಿಮೆಂಟ್ ಶೀಟೇ ಗಟ್ಟಿ ಕಾಣತ್ತಲ್ಲ ಸ್ವಾಮಿ," ಎಂದು ನಕ್ಕು ಹೋದ. ಪಂದ್ಯ ಹುಟ್ಟಿದ್ದು ಆ ರಾತ್ರಿ.

ಈವತ್ತು ಬಂದವನು ದೊಡ್ಡ ಕಂಟ್ರಾಕ್ಟರು. ಜೊತೆಗೆ ಅವನ ಮೇಸ್ತ್ರಿ. ಅವಳು ಟೀ ತಟ್ಟೆ ಹಿಡಿದು ಅಂಗಳದ ಅಂಚಿನಲ್ಲಿ ನಿಂತಳು. ಮುರಿಯದಿರಲಿ ದೇವರೇ, ಇದೊಂದು ಸಲ ಮುರಿಯದಿರಲಿ. ಕಟ್ಟಿಕೊಂಡ ಗಂಡ ನಾಲ್ಕು ಜನರೆದುರು ನಗೆಪಾಟಲಾಗಲಿ ಎಂದು ಬೇಡಿಕೊಳ್ಳುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ಇದ್ದಳು, ಟೀ ಆರಿಹೋಗುತ್ತಿರುವುದೂ ಗೊತ್ತಾಗದೆ ಅಲ್ಲೇ ನಿಂತಿದ್ದಳು.

"ತಗಡಾದ್ರೆ ತುಕ್ಕು ಹಿಡಿಯತ್ತೆ ಸಾರ್," ತಮ್ಮ ಶುರುಮಾಡಿದ. "ಮರ ಆದ್ರೆ ಗೆದ್ದಲು ತಿನ್ನತ್ತೆ. ಸಿಮೆಂಟ್ ಶೀಟಿನ ವಿಷಯ ನಾನು ಹೇಳಲ್ಲ, ನಮ್ಮ ಭಾವನೇ ಹೇಳ್ತಾರೆ!"

ಗಂಡ ಹತ್ತಿದ, ಕುಪ್ಪಳಿಸಿದ. ಲಟಕ್ಕನೆ ಶೀಟು ಎರಡಾಯಿತು. ಕಂಟ್ರಾಕ್ಟರು ಬೆಚ್ಚಿ ಹಿಂದೆ ಸರಿದ, ಮೇಸ್ತ್ರಿ ಚಪ್ಪಾಳೆ ತಟ್ಟಿದ. ಗಂಡ ಅವಳತ್ತ ತಿರುಗಿ ಹುಬ್ಬು ಹಾರಿಸಿದ. ಮುಗಿಯಿತು, ಇನ್ನು ಅವಳು ಬಾಯಿ ಬಿಡುವಂತಿಲ್ಲ.

ತುಂಡುಗಳನ್ನು ಆಯುವುದು ಅವಳ ಪಾಲಿನ ಕೆಲಸ. ತಟ್ಟೆ ಕೆಳಗಿಟ್ಟು ಹೋದಳು. ಎಷ್ಟೋ ವರ್ಷಗಳಿಂದ ಆಯುತ್ತಾ ಬಂದಿದ್ದಾಳೆ. ಮುರಿದ ಶೀಟಿನ ಅಂಚು ನಾಯಿ ಕಚ್ಚಿದ ರೊಟ್ಟಿಯ ಹಾಗೆ ಅಂಕುಡೊಂಕಾಗಿರುತ್ತದೆ. ಈ ತುಂಡಿನ ಅಂಚು ಮೇಲರ್ಧ ಮಾತ್ರ ಹಾಗಿತ್ತು. ಕೆಳಗಿನರ್ಧ ಗೆರೆ ಎಳೆದಂತೆ ನೇರ, ಬೆರಳಾಡಿಸಿದರೆ ನುಣುಪು. ಗರಗಸ ಆಡಿಸಿದ ನುಣುಪು.

ತಮ್ಮನೇ ಮಾಡಿರಬೇಕು ಅಂದುಕೊಂಡಳು. ಮರುಕ್ಷಣ ಬೂದು ಹುಡಿ ನೆನಪಾಯಿತು. ಅಯ್ಯೋ ನನ್ನ ದೊರೆಯೇ! ಕಳ್ಳನ ಹಾಗೆ ಬೆಳಿಗ್ಗೆಯೇ ಎದ್ದು ಹೋಗಿ, ಶೀಟು ಮಗುಚಿ ಹಾಕಿ, ಮಂಡಿಯೂರಿ ಕೊಯ್ದಿದ್ದಾನೆ. ಮೊದಲು ಸಿಟ್ಟು ಬಂತು, ಆ ತುಂಡಿನಿಂದಲೇ ತಲೆಗೆ ಕುಕ್ಕುವಷ್ಟು. ಹಿಂದೆಯೇ ಇನ್ನೊಂದು ಹೊಳೆದು ಸಿಟ್ಟು ಇಳಿದುಹೋಯಿತು. ಮುರಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬೊಜ್ಜು ಅಲ್ಲ ಎಂದೂ ಗೊತ್ತಿತ್ತು. ಎಷ್ಟು ದಿನದಿಂದ ಒಬ್ಬನೇ ಹೆದರುತ್ತಿದ್ದನೋ.

ಅಷ್ಟರಲ್ಲಿ ಗುಡ್ಡೆಗಳ ಮೇಲೆ ಫೈಬರ್ ಹಲಗೆ ಬಂದಿತ್ತು. ಯಾವಾಗಲೂ ತೋರಿಸುವುದು ಇದನ್ನೇ, ಮೂಲೆಯಲ್ಲಿ ಕೆಂಪು ಬಣ್ಣ ತಾಗಿದ ಹಳೆಯ ಹಲಗೆ.

"ಇದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ, ನೀರು ಕುಡಿಯಲ್ಲ," ತಮ್ಮನ ಗಂಟಲು ಏರಿತು. "ಭಾವ ನಿಂತ್ರೆ ಬಗ್ಗತ್ತೆ ಸಾರ್, ಸುಳ್ಳು ಯಾಕೆ ಹೇಳಲಿ. ಆದ್ರೆ ಮುರಿಯಲ್ಲ. ಎಲ್ಲಿ, ಹತ್ತಿ ಭಾವ!"

ಗಂಡ ಹತ್ತಿ ನಡುವೆ ನಿಂತ. ಹಲಗೆ ಬಗ್ಗಲಿಲ್ಲ.

ಕಂಟ್ರಾಕ್ಟರು ಕುಕ್ಕರಗಾಲಲ್ಲಿ ಕೂತು ಅಡಿಯಿಂದ ನೋಡಿದ. "ಎಲ್ರೀ ಬಗ್ಗಿದೆ?"

ತಮ್ಮನ ಕಣ್ಣು ಅಕ್ಕನ ಕಡೆ ಬಂದು ಗಕ್ಕನೆ ತಿರುಗಿತು. ವ್ಯಾಪಾರದವನ ನಾಲಿಗೆ, ಸಾವರಿಸಿಕೊಂಡಿತು. "ಅದೇ ಸಾರ್ ನಮ್ಮ ಮಾಲಿನ ತಾಕತ್ತು! ಕೂದಲೆಳೆಯಷ್ಟೂ ಬಗ್ಗಿಲ್ಲ!"

ಗಂಡ ತನ್ನ ಪಾದಗಳನ್ನೇ ನೋಡುತ್ತಿದ್ದ. ಆ ಹಲಗೆಯ ತಗ್ಗು ಅವನ ಅಂಗಾಲುಗಳಿಗೆ ಪರಿಚಯವಿದ್ದದ್ದು. ಮೆಲ್ಲಗೆ ಒಮ್ಮೆ ಕುಪ್ಪಳಿಸಿ ನೋಡಿದ. ಹಲಗೆ ಒಂದಿಷ್ಟು ನಡುಗಿ ಸುಮ್ಮನಾಯಿತು. ಈ ಸಲ ಕಂಟ್ರಾಕ್ಟರೂ ಚಪ್ಪಾಳೆ ತಟ್ಟಿದ. ಇನ್ನೊಮ್ಮೆ ಕುಪ್ಪಳಿಸಿದ, ಜೋರಾಗಿ. ಮತ್ತೂ ಜೋರಾಗಿ ಚಪ್ಪಾಳೆ.

ಆಗ ಅವನು ತಲೆಯೆತ್ತಿದ. ಅವಳ ಕೈಯಲ್ಲಿ ಶೀಟಿನ ತುಂಡು, ಕೊಯ್ದ ಅಂಚು ಅವನ ಕಡೆಗೇ. ಅವಳು ಅದನ್ನು ಮರೆಮಾಡಲಿಲ್ಲ. ಅವನೂ ಮುಖ ತಿರುಗಿಸಲಿಲ್ಲ.

ಅವಳು ಹತ್ತಿರ ಹೋಗಿ ಇಳಿಯಲು ಕೈ ಕೊಟ್ಟಳು. ಹಿಂದೆಲ್ಲ ಹೀಗೆ ಕೈ ಕೊಟ್ಟರೆ ಅವಳೇ ಮುಗ್ಗರಿಸುತ್ತಿದ್ದಳು, ಆನೆಗೆ ಊರುಗೋಲಾಗ್ತೀಯಾ ಎಂದು ಅವನು ರೇಗಿಸುತ್ತಿದ್ದ. ಈವತ್ತು ಪೂರ್ತಿ ಅವಳ ಕೈಯ ಮೇಲೆಯೇ ಭಾರ ಬಿಟ್ಟು ಇಳಿದ. ಅವಳ ತೋಳು ಅಲುಗಲಿಲ್ಲ.

ಬೆನ್ನ ಹಿಂದೆ ಕಂಟ್ರಾಕ್ಟರು, ಗೋಡೆಗೂ ಇದೇ ಇರಲಿ, ಸೂರಿಗೂ ಇದೇ ಇರಲಿ ಎಂದು ಬರೆಸುತ್ತಿದ್ದ.

"ಆಸ್ಪತ್ರೆ ಎಷ್ಟೊತ್ತಿಗೆ ತೆಗೀತಾರೆ?" ಗಂಡ ಮೆಲ್ಲಗೆ ಕೇಳಿದ.

"ಬೆಳಿಗ್ಗೆ ಬೇಗ ತೆಗೀತಾರೆ."

"ಒಳಗಡೆ ತನಕ ನೀನೂ ಬರ್ತೀಯ ತಾನೆ?"

ಅವಳು ಹೂಂ ಎಂದಳು. ತುಂಡನ್ನು ಕಸದ ರಾಶಿಯ ಮೇಲೆ ಕವುಚಿ ಹಾಕಿ, ಅವನ ಮುಂದೆ ಬಗ್ಗಿ ಕೂತು, ಇನ್ನೊಂದು ಕಾಲಿನ ಮಡಿಕೆಯಲ್ಲಿ ಉಳಿದಿದ್ದ ಹುಡಿಯನ್ನು ಕೊಡವತೊಡಗಿದಳು. ಅವನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.