ಕೈ ಹುಡುಕಿದ ಜಡೆ

ತಂಗಿ ಇನ್ನೂ ಒಂಬತ್ತನೇ ತರಗತಿ. ಕಾಲೇಜಿನ ಪ್ರವೇಶ ಪರೀಕ್ಷೆ ಎಲ್ಲೋ ದೂರದಲ್ಲಿರುವಾಗಲೇ ಹಟ ಹಿಡಿದು ಅದರ ಟ್ಯೂಷನ್ನಿಗೆ ಸೇರಿದ್ದಳು. ಮೇಷ್ಟ್ರು ಅರೆಮನಸ್ಸಿನಿಂದಲೇ ಸೇರಿಸಿಕೊಂಡಿದ್ದರು. ಮೊದಲೆರಡು ಟೆಸ್ಟಿನಲ್ಲೂ ಅವಳು ಮಕಾಡೆ ಮಲಗಿದಳು.

"ಈ ಸಲಾನೂ ಹೀಗೇ ಆದ್ರೆ, ಇನ್ನೊಂದೆರಡು ವರ್ಷ ಬಿಟ್ಟು ಬಾಮ್ಮ," ಎಂದುಬಿಟ್ಟರು ಮೇಷ್ಟ್ರು.

"ಒಂದು ಪ್ರಶ್ನೇನೂ ಬಿಟ್ಟಿಲ್ಲ ಕಣೇ ಅಕ್ಕ. ಆದ್ರೂ ತಪ್ಪಿಗೊಂದೊಂದು ಅಂಕ ಕಿತ್ಕೊಂಡು ನುಣ್ಣಗೆ ಬೋಳಿಸಿಬಿಟ್ರು," ಎಂದು ತಂಗಿ ಮುಖ ಊದಿಸಿಕೊಂಡಳು.

ಅಕ್ಕ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ದರ್ಜಿ ಅಂಗಡಿಯಿಂದ ತಂದ ಅಂಗಿಗಳ ರಾಶಿಯ ಪಕ್ಕದಲ್ಲೇ ಕೂತು ತಂಗಿ ದಿನವೂ ಉತ್ತರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಶಾಲೆಯನ್ನು ಬೇಗ ಬಿಟ್ಟ ಅಕ್ಕನಿಗೆ ಆ ಪಾಠದ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ತಂಗಿಯ ಮನಸ್ಸು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಗೊತ್ತಿರುವ ಉತ್ತರ ಪಟಪಟನೆ ಬರುತ್ತಿತ್ತು. ಗೊತ್ತಿಲ್ಲದಿದ್ದರೆ ಕೈ ತಾನಾಗಿಯೇ ಹೆಗಲ ಮೇಲಿನ ಜಡೆಯ ತುದಿಗೆ ಹೋಗಿ ಹೊಸೆಯತೊಡಗುತ್ತಿತ್ತು. ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿ ಖಾಲಿ ಮಾಡಿ "ನಾನಲ್ಲ" ಎನ್ನುವಾಗಲೂ ಹೀಗೇ.

ಇದನ್ನು ಹೇಳಬೇಕೆಂದು ಅಕ್ಕನಿಗೆ ಅನ್ನಿಸಿದರೂ, ತಂಗಿ 'ನಿನಗೇನು ಗೊತ್ತು' ಎಂದುಬಿಟ್ಟರೆ ಎಂಬ ಅಳುಕು. ಕೊನೆಗೆ ಟೆಸ್ಟಿನ ದಿನ ತಲೆ ಬಾಚುವಾಗ ಅಕ್ಕ ಜಡೆಯನ್ನು ಮಡಚಿ ಮೇಲಕ್ಕೆ ಕಟ್ಟಿದಳು.

"ಅಯ್ಯೋ, ಅಜ್ಜಿ ಥರ ಕಾಣ್ತೀನಿ! ಬಿಚ್ಚೇ!"

"ಇರಲಿ ಬಿಡೇ. ಸುಮ್ನೆ ಊಹೆ ಮಾಡಿ ಹೇಳುವಾಗೆಲ್ಲ ನಿನ್ನ ಕೈ ಜಡೆ ಹಿಡಿಯುತ್ತೆ. ಇವತ್ತು ಕೈ ಹೋಗಿ ಜಡೆ ಸಿಗಲಿಲ್ಲ ಅಂದ್ರೆ ಆ ಪ್ರಶ್ನೆ ಬಿಟ್ಬಿಡು. ಬಿಟ್ಟಿದ್ದಕ್ಕೆ ಅಂಕ ಕೀಳಲ್ವಲ್ಲ?"

"ಬಿಟ್ಟು ಬರೋದಾ? ನನ್ನ ಮಾನ ಏನಾಗ್ಬೇಕು?"

"ಎಲ್ಲಾ ಬರೆದಾಗ ಬಹಳ ಉಳಿದಿತ್ತಾ? ಹೋಗೇ."

ತಂಗಿ ದುರುಗುಟ್ಟಿ ನೋಡಿ ಹೋದಳು. ತನ್ನ ಮಾತು ಕೇಳಿ ಅವಳು ಗೊತ್ತಿರುವುದನ್ನೂ ಬಿಟ್ಟುಬಂದರೆ? ಅಕ್ಕನ ಸೂಜಿ ಹಾದಿ ತಪ್ಪಿತು. ಒಂದೇ ಗುಂಡಿಯನ್ನು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

ಸಂಜೆ ತಂಗಿ ಬಾಗಿಲಲ್ಲಿ ನಿಂತಳು. "ಅರ್ಧಕ್ಕರ್ಧ ಬಿಟ್ಟೆ. ಹೆಗಲು ಮುಟ್ಟಿ ಮುಟ್ಟಿ ನೋಡ್ಕೊತಿದ್ರೆ, ಪಕ್ಕದವಳು ಸೊಳ್ಳೆ ಕಚ್ತಾ ಅಂತ ಕೇಳಿದ್ಳು."

"ಮೇಷ್ಟ್ರು ಏನಂದ್ರು?"

"ಅಲ್ಲೇ ತಿದ್ದಿದ್ರು. ನಾಳೆಯಿಂದ ತಪ್ಪದೇ ಬಾ ಅಂದ್ರು."

ಅಕ್ಕ ಥಟ್ಟನೆ ನಂಬಲಿಲ್ಲ. ಮೊದಲು ಅವಳ ಕೈಗಳನ್ನು ನೋಡಿದಳು. ಒಂದು ಕೈ ಚಪ್ಪಲಿ ಬಿಚ್ಚುತ್ತಿತ್ತು, ಇನ್ನೊಂದು ಗೋಡೆಗೆ ಆತುಕೊಂಡಿತ್ತು. ಹೆಗಲಿನ ಹತ್ತಿರ ಯಾವುದೂ ಸುಳಿಯಲಿಲ್ಲ.

ಅಕ್ಕ ಹಲ್ಲಿನಿಂದ ದಾರ ಕಡಿದು, ಅಂಗಿಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ, ಅವಳು ಪುಸ್ತಕ ಹರಡಿಕೊಳ್ಳಲು ಜಾಗ ಮಾಡಿದಳು.