ಮನೆದೇವರ ಪಾಸ್‌ವರ್ಡು

ರಂಜಿತಳಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಂಡವಪುರದ ಆ ಮಹಿಳಾ ನೆರವು ಕೇಂದ್ರಕ್ಕೆ ವೆಬ್‌ಸೈಟು ಮಾಡಿಕೊಟ್ಟವಳು ಅವಳೇ. ಮನೆಯಲ್ಲಿ ಪೆಟ್ಟು ತಿಂದ ಹೆಂಗಸರು, ಠಾಣೆ ಮೆಟ್ಟಿಲು ಹತ್ತುವ ಧೈರ್ಯ ಬರುವವರೆಗೆ, ನಡೆದದ್ದನ್ನೆಲ್ಲ ಮೊಬೈಲಿನಿಂದಲೇ ಅದರಲ್ಲಿ ಬರೆದಿಡುತ್ತಿದ್ದರು. ಈಗ ಕೇಂದ್ರದ ಅಧ್ಯಕ್ಷ ಚಲುವರಾಜು ಎದುರಿಗೇ ಕುರ್ಚಿ ಎಳೆದುಕೊಂಡು ಕೂತಿದ್ದರು.

"ದೇವಲಾಪುರದ ಮೇಘನ ಏನ್ ಬರ್ದವ್ಳೆ, ಒಸಿ ತೆಗಿ ನೋಡವ."

ಮೇಘನಳ ಗಂಡ ದಿಲೀಪ ಇವರ ಸ್ವಂತ ಅಕ್ಕನ ಮಗ. ಊರಿಗೆಲ್ಲ ನ್ಯಾಯ ಹೇಳುವ ದೊಡ್ಡ ಮನುಷ್ಯ, ತನ್ನ ಮನೆಯ ಮಾತು ಬಂದಾಗ ಮಾತ್ರ ಕದ್ದು ಓದಲು ಬಂದಿದ್ದರು.

"ಆಗಲ್ಲ ಸಾರ್. ನನ್ ಕೈಲೂ ಆಗಲ್ಲ."

"ವೋದ್ ವರ್ಸ ಪುಟ್ಟಲಕ್ಷ್ಮಮ್ಮಂದು ತೆಗ್ದು ಕೊಟ್ಟಲ್ಲವ್ವ?"

ಕೊಟ್ಟಿದ್ದಳು, ನಿಜ. ಆಗ ಬರೆದದ್ದು ಕೇಂದ್ರದ ಸರ್ವರಿಗೆ ಬಂದ ಮೇಲೆ ಅದಕ್ಕೆ ಬೀಗ ಬೀಳುತ್ತಿತ್ತು, ಕೀಲಿಯೂ ಅಲ್ಲೇ ಇರುತ್ತಿತ್ತು. ಅಧ್ಯಕ್ಷರು ಕೇಳಿದರೆ ತೆಗೆಯದೆ ವಿಧಿಯಿರಲಿಲ್ಲ. ಪುಟ್ಟಲಕ್ಷ್ಮಮ್ಮ ಬರೆದದ್ದು ಸಂಜೆಯೊಳಗೆ ಅವಳ ಅತ್ತೆಯ ಜಗಲಿ ಮುಟ್ಟಿತ್ತು. ಆ ಸಂಕಟಕ್ಕೇ ರಂಜಿತ ಎಲ್ಲ ಬದಲಾಯಿಸಿದ್ದಳು. ಈಗ ಬೀಗ ಬೀಳುವುದು ಬರೆದವಳ ಮೊಬೈಲಿನಲ್ಲೇ, ಅವಳದೇ ಪಾಸ್‌ವರ್ಡಿನಿಂದ. ಸರ್ವರಿಗೆ ಬರುವುದು ಬರೀ ತಲೆಬುಡವಿಲ್ಲದ ಅಕ್ಷರ.

ಅದನ್ನೆಲ್ಲ ಬಿಡಿಸಿ ಹೇಳಿದಳು. ಚಲುವರಾಜು ನಕ್ಕುಬಿಟ್ಟರು.

"ಪಾಸ್‌ವರ್ಡು ಮರ್ತ್ರೆ ಯಾರ್ ಕೈಲೂ ತೆಗ್ಯಕಾಗಲ್ಲ, ಅದ್ಕೆ ಮನೆದೇವ್ರ ಎಸ್ರು ಮಡಿಕಳಿ ಅಂತ ತೊಣ್ಣೂರ್ ಮೀಟಿಂಗ್ನಲ್ಲಿ ನೀನೇ ಏಳ್ದಲ್ಲ. ನಾನೂ ಅಲ್ಲೇ ಕುಂತಿದ್ದೆ ಕಣವ್ವ."

ರಂಜಿತಳಿಗೆ ಆಗ ಹೊಳೆಯಿತು. ಎಂಥ ಬುದ್ಧಿ ತನ್ನದು! ಬೀಗವೇನೋ ಗಟ್ಟಿ, ಆದರೆ ಈ ಸೀಮೆಯಲ್ಲಿ ಯಾರ ಮನೆದೇವರು ಯಾವುದೆಂದು ಗೊತ್ತಿಲ್ಲದವರು ಯಾರು? ಹೆಣ್ಣು ನೋಡಲು ಹೋದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಮಾತು ಅದು.

ವೆಬ್‌ಸೈಟಿನಲ್ಲಿ ಮೇಘನಳ ಹೆಸರು ಹಾಕಿದರೆ ಯಾವ ಕಂಪ್ಯೂಟರಾದರೂ ಪಾಸ್‌ವರ್ಡು ಕೇಳುತ್ತಿತ್ತು. ಅವರು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡರು. ಒಂಟಿ ಬೆರಳಿನಲ್ಲಿ ದಿಲೀಪನ ಮನೆದೇವರಾದ ಬೋರೇದೇವರ ಹೆಸರು ಒತ್ತಿದರು. ತಪ್ಪು ಎಂದಿತು. ದಿಲೀಪನಿಗೆ ಫೋನು ಹಚ್ಚಿ ಮೇಘನಳ ತವರಿನ ದೇವರು ಯಾವುದೆಂದು ಕೇಳಿ, ಮಂಚಮ್ಮನನ್ನೂ ಒತ್ತಿದರು. ಅದೂ ತಪ್ಪು. ಹಿಂದೆ ಮುಂದೆ ಅಮ್ಮ, ಸ್ವಾಮಿ ಸೇರಿಸಿ ನೋಡಿದರು. ಆ ಬೆರಳು ಇಳಿದಾಗಲೆಲ್ಲ ರಂಜಿತ ಪರದೆಯನ್ನೇ ನೋಡುತ್ತಿದ್ದಳು. ಇದು ತೆರೆದುಕೊಂಡರೆ ಆ ಹುಡುಗಿ ಇವತ್ತು ಆ ಮನೆಯಲ್ಲಿ ಹೇಗೆ ಇದ್ದಾಳು?

"ಇದೆಂತಾ ಕೆಟ್ ಮಿಸನ್ನು," ಎಂದು ಬೈದು ಅವರು ಎದ್ದುಹೋದರು.

ರಂಜಿತ ಬಾಗಿಲು ಹಾಕಿಕೊಂಡು ಮೇಘನಳಿಗೆ ಫೋನು ಮಾಡಿದಳು.

"ಮನೆದೇವ್ರ ಎಸ್ರು ಇಟ್ಟಿಲ್ವೇನೆ ನೀನು?"

"ಇಲ್ಲ ಕಣಕ್ಕ. ಅವ್ರು ಕೊಟ್ ಕಷ್ಟವ ಅವ್ರ ದೇವ್ರತ್ರನೇ ಬಚ್ಚಿಡಕಾಯ್ತದಾ? ನಾನು ಮಡಗಿರದು..."

"ಏಳ್ಬೇಡ! ನಂಗೂ ಏಳ್ಬೇಡ ಕಣವ್ವ."

ಫೋನಿಟ್ಟ ಮೇಲೆ ನಿರಾಳವಾಗಬೇಕಿತ್ತು, ಆಗಲಿಲ್ಲ. ರಂಜಿತಳ ಮಾತು ಕೇಳದ್ದರಿಂದಲೇ ಮೇಘನ ಉಳಿದುಕೊಂಡಿದ್ದಳು. ಅವತ್ತು ತೊಣ್ಣೂರಿನಲ್ಲಿ ಆಗಲಿ ಎಂದು ತಲೆಯಾಡಿಸಿದ ಮಿಕ್ಕ ಹೆಂಗಸರೆಲ್ಲ ಅವಳ ಮಾತು ಕೇಳಿ ಮನೆದೇವರ ಹೆಸರನ್ನೇ ಇಟ್ಟಿದ್ದರು.

ಪಾಸ್‌ವರ್ಡು ಬದಲಾಯಿಸಿಕೋ ಎನ್ನಲು ರಂಜಿತ ಅವರಲ್ಲೊಬ್ಬಳ ನಂಬರು ಒತ್ತಿದಳು.