ಅಹಿತಕರವಾದದ್ದೇನೂ ನಡೆದಿಲ್ಲ

ಅವಳು ಕೆಲಸ ಮಾಡುತ್ತಿದ್ದ ಸಂಜೆಪತ್ರಿಕೆಯ ಕಚೇರಿ ಈಗಿಲ್ಲ. ಟೆಲಿಪ್ರಿಂಟರಿನ ಕಟಕಟ, ಅಂಟಿನ ಡಬ್ಬಿಯ ಹುಳಿ ವಾಸನೆ, ಕಾಲೊಂದು ಗಿಡ್ಡವಾಗಿ ಓಲಾಡುತ್ತಿದ್ದ ಮೇಜು, ಎಲ್ಲವೂ ಹೋದವು. ಆದರೆ ಟೀವಿಯಲ್ಲಿ ಯಾರಾದರೂ ‘ಅಹಿತಕರ ಘಟನೆ ನಡೆದಿಲ್ಲ’ ಎಂದರೆ ಸಾಕು, ನಿವೃತ್ತ ಉಪಸಂಪಾದಕಿಗೆ ಆ ಬೆಳಗು ಕಣ್ಣಿಗೆ ಕಟ್ಟುತ್ತದೆ.

ಅಂದು ಗಿರಣಿ ಕಾರ್ಮಿಕರ ಮೆರವಣಿಗೆ. ವರದಿಗೆ ಹೋದವನು ಅವಳ ಗಂಡ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆಗಾಗ ಫೋನ್ ಮಾಡುತ್ತೇನೆಂದವನ ಸುಳಿವೇ ಇಲ್ಲ. ಅಷ್ಟರಲ್ಲಿ ಟೆಲಿಪ್ರಿಂಟರಿನಲ್ಲಿ ಪೊಲೀಸರ ಇಂಗ್ಲಿಷ್ ಹೇಳಿಕೆ ಬಂತು: ಮೆರವಣಿಗೆ ಮುಗಿದಿದೆ, ‘ಅನ್‌ಟುವರ್ಡ್’ ಎನ್ನುವಂಥದ್ದೇನೂ ಆಗಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ‘ಅಹಿತಕರ ಘಟನೆ ನಡೆದಿಲ್ಲ’ ಎಂದು ಬರೆದು ಮುಖ್ಯ ಉಪಸಂಪಾದಕರ ಮುಂದಿಟ್ಟಳು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಕತ್ತರಿ’ ಎನ್ನುತ್ತಿದ್ದರು.

“ಈ ಅನ್‌ಟುವರ್ಡ್ ಭಾರಿ ಕಳ್ಳ ಪದ ಕಣಮ್ಮ,” ಎಂದರು ಕತ್ತರಿ. “ಯಾವಾಗ ನೋಡಿದ್ರೂ ‘ಇಲ್ಲ’ದ ಕೈ ಹಿಡ್ಕೊಂಡೇ ಬರುತ್ತೆ. ಒಂಟಿಯಾಗಿ ಬಂದದ್ದು ನೋಡಿದೀಯಾ?”

“ಕೆಟ್ಟದ್ದು ಆಗಿಲ್ಲ ಅಂತ ತಾನೇ ಸಾರ್ ಅರ್ಥ?”

“ಬರೀ ಕೆಟ್ಟದ್ದಲ್ಲ, ಎಣಿಸದೇ ಇದ್ದ ಕೆಟ್ಟದ್ದು. ಅವರು ಮೊದಲೇ ಎಣಿಸಿದ್ದು ಆಗಿದ್ರೆ?”

ಅವಳು ಕೂಡಲೇ ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿದಳು.

“ಸಾರ್, ಮೆರವಣಿಗೇಲಿ ಯಾರಿಗಾದ್ರೂ ಏಟು ಬಿತ್ತಾ?”

“ಲಾಠಿ ಬೀಸಿದ ಮೇಲೆ ಏಟು ಬೀಳದೆ ಹೂವು ಬೀಳುತ್ತಾ? ಆರು ಜನ ಆಸ್ಪತ್ರೇಲಿದಾರೆ. ಅದೆಲ್ಲ ಇದ್ದದ್ದೇ ಬಿಡಮ್ಮ.”

“ಪತ್ರಿಕೆಯವರು ಯಾರಾದ್ರೂ?”

“ಒಬ್ಬ ಇದಾನೆ. ಪ್ರಜ್ಞೆ ಇದೆ, ಬಾಯೂ ಜೋರಿದೆ. ಒಂದು ಕೇಳಿದ್ರೆ ಎರಡು ತಿರುಗಿ ಕೇಳ್ತಾನೆ.”

ಅವನೇ. ಸಂದೇಹವಿರಲಿಲ್ಲ.

ಕತ್ತರಿ ಅವಳ ಮುಖ ನೋಡಿದರು, ಅವಳ ಪ್ರತಿಯ ಮೇಲೆ ಉದ್ದಕ್ಕೆ ಗೆರೆ ಎಳೆದರು. “ಹೊರಡು. ಸುದ್ದಿ ನಾನು ಬರೀತೀನಿ.”

“ಬೇಡಿ ಸಾರ್. ಆರು ಜನರ ಹೆಸರು ಕೇಳ್ಕೊಂಡು ಬಂದು ನಾನೇ ಬರೀತೀನಿ. ಪುಟ ಸ್ವಲ್ಪ ತಡೀರಿ.”

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಅವನಿದ್ದ. ಎಡಗೈಗೆ ಪಟ್ಟಿ, ತುಟಿಗೆ ಹೊಲಿಗೆ.

“ನೀನ್ಯಾಕೆ ಬಂದೆ? ಡೆಸ್ಕಲ್ಲಿ ಸುದ್ದಿ ತಿದ್ದೋಕೆ ಯಾರಿದಾರೆ?”

“ಸುದ್ದಿ ತಗೊಂಡು ಹೋಗೋಕೆ ಬಂದೆ. ಪೊಲೀಸರ ಪ್ರಕಾರ ನಿಮಗೇನೂ ಆಗಿಲ್ಲ ರೀ.”

ನಗಲು ಹೋದವನಿಗೆ ಹೊಲಿಗೆ ಎಳೆಯಿತು. “ನಗಿಸಬೇಡ ಕಣೇ,” ಎಂದ, ಕಣ್ಣಲ್ಲಿ ನೀರಿಟ್ಟುಕೊಂಡು.

ಮಂಚದ ತುದಿಯಲ್ಲಿ ಕೂತು ಅವಳು ಬರೆದುಕೊಳ್ಳತೊಡಗಿದಳು. ಒಬ್ಬೊಬ್ಬರ ಹೆಸರು, ವಯಸ್ಸು, ಏಟು ಎಲ್ಲಿ ಎಂಬುದನ್ನು ಅವನು ತಡೆಯದೆ ಒಪ್ಪಿಸಿದ. ಐದಕ್ಕೆ ನಿಲ್ಲಿಸಿದ.

“ಆರನೇದು?”

“ವರದಿಗಾರ ಸುದ್ದಿ ಆಗಬಾರದು.”

“ನಾನು ಡೆಸ್ಕು. ಯಾವುದು ಸುದ್ದಿ ಅಂತ ಹೇಳೋಳು ನಾನು,” ಎನ್ನುತ್ತ ಅವಳು ಅವನ ಹೆಸರು ಬರೆದಳು. ಅಕ್ಷರ ಸೊಟ್ಟಗಾಯಿತು. ಹೊಡೆದುಹಾಕಿ, ಇನ್ನೊಮ್ಮೆ ನೆಟ್ಟಗೆ ಬರೆದಳು.